ಅಗ್ಗದ ಅಂಗಡಿಯ ದಿನಸಿ ಕಳಪೆಯೇ? ಬೆಳಗಾವಿ, ಖಾನಾಪುರದ ಕುಟುಂಬಗಳಿಗೆ ಒಂದಿಷ್ಟು ಮಾಹಿತಿ

ಭಾನುವಾರದ ಬಲಿಪೂಜೆ ಮುಗಿದು ಚರ್ಚ್ ಅಂಗಳದಲ್ಲಿ ನಾಲ್ಕು ಮಂದಿ ಸೇರಿದರೆ ಮಾತು ಮಳೆ, ಮಕ್ಕಳ ಶಾಲೆ, ಆರೋಗ್ಯ ಎಂದು ಸುತ್ತಿ ಕೊನೆಗೆ ಮನೆಖರ್ಚಿನ ಬಳಿ ಬಂದು ನಿಲ್ಲುತ್ತದೆ. ರಿಯಾಯಿತಿ ದರದ ಮಳಿಗೆಗೆ ಹೋದದ್ದರಿಂದ ತಿಂಗಳ ಸಾಮಾನಿನಲ್ಲಿ ಇಷ್ಟು ಹಣ ಉಳಿಯಿತು ಎಂದು ಒಬ್ಬರು ಹೇಳುತ್ತಾರೆ. ಅಗ್ಗದ ಸಾಮಾನು ಅಗ್ಗದ ಹಾಗೆಯೇ ಇರುತ್ತದೆ, ಮಕ್ಕಳು ತಿನ್ನುವುದರಲ್ಲಿ ಉಳಿತಾಯ ಬೇಡ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಎಷ್ಟು ಸತ್ಯ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೆಳಗಾವಿಯ ಉದಾಹರಣೆಯನ್ನು ಆರಿಸಿಕೊಳ್ಳಲು ಕಾರಣವಿದೆ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದೊಂದಿಗೆ ನಮ್ಮ ಕರಾವಳಿಗೆ ಹಳೆಯ ನಂಟು. ಶಿಕ್ಷಕರಾಗಿ, ನರ್ಸ್‌ಗಳಾಗಿ, ಸೇನೆಯ ಕೆಲಸದ ಮೇಲೆ ಹೋಗಿ ಅಲ್ಲಿಯೇ ನೆಲೆಸಿದ ನಮ್ಮವರು ಇದ್ದಾರೆ. ಶಾಲೆ, ಹಾಸ್ಟೆಲ್ ನಡೆಸುವ ಧರ್ಮಭಗಿನಿಯರೂ ಇದ್ದಾರೆ. ನಾವು ಜೀನಸು ಎನ್ನುವುದನ್ನು ಅಲ್ಲಿ ಕಿರಾಣಿ ಎನ್ನುತ್ತಾರೆ. ಊಟ ಬೇರೆ, ಅಂಗಡಿ ಬೇರೆ, ಆದರೆ ತಿಂಗಳ ಕೊನೆಯ ಲೆಕ್ಕಾಚಾರ ಒಂದೇ.

ಬೆಳಗಾವಿ ನಗರದಲ್ಲಿ ಆಯ್ಕೆಗಳು ಹಲವು. ಸಗಟು ವ್ಯಾಪಾರದ ರವಿವಾರ ಪೇಟೆ ಇದೆ, ಗಲ್ಲಿಗಲ್ಲಿಯ ಕಿರಾಣಿ ಅಂಗಡಿಗಳಿವೆ, ರಿಯಾಯಿತಿ ದರದ ದೊಡ್ಡ ಮಳಿಗೆಗಳಿವೆ, ಹವಾನಿಯಂತ್ರಿತ ಸೂಪರ್ ಮಾರ್ಕೆಟ್‌ಗಳಿವೆ, ಮಾಜಿ ಸೈನಿಕರಿಗೆ ಮಿಲಿಟರಿ ಕ್ಯಾಂಟೀನ್ ಇದೆ. ಗೋವಾ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್ ಹೋದರೆ ಸಿಗುವ ಖಾನಾಪುರದಲ್ಲಿ ಇಷ್ಟು ಆಯ್ಕೆ ಇಲ್ಲ. ಪಟ್ಟಣದ ಅಂಗಡಿ, ವಾರದ ಸಂತೆ, ನ್ಯಾಯಬೆಲೆ ಅಂಗಡಿ, ಅಷ್ಟೇ. ಕಾಡಿನ ಅಂಚಿನ ಹಳ್ಳಿಗಳಲ್ಲಿ ಉದ್ರಿ ಕೊಡುವ ಒಂದೇ ಒಂದು ಅಂಗಡಿ ಇರುವುದೂ ಉಂಟು.

ಗುಣಮಟ್ಟ ಎಂದರೆ ಮೂರು ವಿಷಯ

ಗುಣಮಟ್ಟ ಎನ್ನುವಾಗ ನಾವು ಮೂರು ಬೇರೆ ಬೇರೆ ವಿಷಯಗಳನ್ನು ಬೆರೆಸಿ ಮಾತನಾಡುತ್ತೇವೆ. ಮೊದಲನೆಯದು ಸುರಕ್ಷತೆ, ಅಂದರೆ ತಿಂದರೆ ಕಾಯಿಲೆ ಬರಬಾರದು, ಕಲಬೆರಕೆ ಇರಬಾರದು. ಎರಡನೆಯದು ದರ್ಜೆ, ಅಂದರೆ ಅಕ್ಕಿಯಲ್ಲಿ ನುಚ್ಚು ಎಷ್ಟು, ಬೇಳೆಯ ಕಾಳು ಎಷ್ಟು ದಪ್ಪ, ಗೋಡಂಬಿ ಇಡಿಯೋ ತುಂಡೋ ಎಂಬುದು. ಮೂರನೆಯದು ತಾಜಾತನ, ಅಂದರೆ ಎಷ್ಟು ದಿನದ ಹಿಂದಿನದು, ಎಲ್ಲಿ ಇಟ್ಟಿದ್ದರು ಎಂಬುದು.

ಸುರಕ್ಷತೆಯ ವಿಷಯದಲ್ಲಿ ಕಾನೂನು ಎಲ್ಲ ಅಂಗಡಿಗಳಿಗೂ ಒಂದೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್‌ನಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಅಗ್ಗದ ಅಂಗಡಿಗೆ ಒಂದು, ದುಬಾರಿ ಅಂಗಡಿಗೆ ಇನ್ನೊಂದು ಎಂಬ ಮಾನದಂಡ ಅದರಲ್ಲಿಲ್ಲ. ಉದಾಹರಣೆಗೆ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ. 2ಕ್ಕಿಂತ ಹೆಚ್ಚು ಇರಬಾರದು ಎಂಬ ನಿಯಮ 2022ರ ಜನವರಿಯಿಂದ ಬಂದಿತು. ಅದು ಎಲ್ಲ ಬೆಲೆಯ ಎಣ್ಣೆಗೂ ಅನ್ವಯ. ಕಾನೂನು ಪಾಲನೆಯಾಗುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಆದರೆ ಹೆಚ್ಚು ಹಣ ಕೊಟ್ಟ ಮಾತ್ರಕ್ಕೆ ಹೆಚ್ಚು ಸುರಕ್ಷತೆ ಸಿಗುವುದಿಲ್ಲ. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಮೆಣಸಿನ ಪುಡಿಯಲ್ಲಿ ಸೂಡಾನ್ ಎಂಬ ನಿಷೇಧಿತ ಕೆಂಪು ಬಣ್ಣ ಪತ್ತೆಯಾಯಿತು. ಆ ಪುಡಿ ಒಂದು ಸಾಸ್‌ಗೆ, ಆ ಸಾಸ್‌ನಿಂದ ನಾನೂರಕ್ಕೂ ಹೆಚ್ಚು ಬಗೆಯ ಸಿದ್ಧ ಆಹಾರಗಳಿಗೆ ಸೇರಿಹೋಗಿತ್ತು. ಅವುಗಳಲ್ಲಿ ಹೆಸರಾಂತ ಸೂಪರ್ ಮಾರ್ಕೆಟ್‌ಗಳ ಸಾಮಾನುಗಳೂ ಇದ್ದವು.

ಕಡಿಮೆ ಬೆಲೆ ಹೇಗೆ ಸಾಧ್ಯ?

ಬೆಲೆ ಕಡಿಮೆ ಇದ್ದರೆ ಎಲ್ಲೋ ಮೋಸವಿರಬೇಕು ಎಂಬ ಅನುಮಾನ ಸಹಜ. ಆದರೆ ಬೆಲೆ ಇಳಿಸಲು ನ್ಯಾಯವಾದ ದಾರಿಗಳೂ ಇವೆ. ರಿಯಾಯಿತಿ ಮಳಿಗೆಗಳು ಕಂಪೆನಿಯಿಂದ ಒಮ್ಮೆಗೇ ಭಾರೀ ಪ್ರಮಾಣದಲ್ಲಿ ಕೊಳ್ಳುತ್ತವೆ, ಬೇಗ ಹಣ ಪಾವತಿಸಿ ದರ ಇಳಿಸಿಕೊಳ್ಳುತ್ತವೆ, ಅಲಂಕಾರಕ್ಕೆ ಖರ್ಚು ಮಾಡುವುದಿಲ್ಲ. 2002ರಲ್ಲಿ ಮುಂಬಯಿಯಲ್ಲಿ ಆರಂಭವಾದ ಡಿ-ಮಾರ್ಟ್ ಈ ರೀತಿಯಲ್ಲೇ ಬೆಳೆಯಿತು. ಬಾಡಿಗೆ ಉಳಿಯಲೆಂದು ತನ್ನ ಹೆಚ್ಚಿನ ಮಳಿಗೆಗಳ ಕಟ್ಟಡವನ್ನು ಅದು ತಾನೇ ಕೊಳ್ಳುತ್ತದೆ. ಜರ್ಮನಿಯ ಆಲ್ಡಿ ಮಳಿಗೆಗಳು ಕಡಿಮೆ ಬಗೆಯ ಸಾಮಾನು, ಕಡಿಮೆ ಕೆಲಸಗಾರರು, ಪೆಟ್ಟಿಗೆಯಲ್ಲೇ ಇಟ್ಟ ಸರಕು ಎಂಬ ಸರಳ ಉಪಾಯದಿಂದ ಹಲವು ದೇಶಗಳಿಗೆ ಹಬ್ಬಿದವು.

ಇನ್ನೊಂದು ಕಡೆ ದುಬಾರಿ ಸೂಪರ್ ಮಾರ್ಕೆಟ್‌ನಲ್ಲಿ ನಾವು ಕೊಡುವ ಹೆಚ್ಚುವರಿ ಹಣ ಹವಾನಿಯಂತ್ರಣಕ್ಕೆ, ವಾಹನ ನಿಲ್ಲಿಸುವ ಜಾಗಕ್ಕೆ, ಹತ್ತು ಬಗೆಯ ಆಯ್ಕೆಗೆ ಹೋಗುತ್ತದೆ. ಅವೆಲ್ಲ ಅನುಕೂಲಗಳೇ, ಬೇಡವೆನ್ನಲಾಗದು. ಆದರೆ ಅವು ಪ್ಯಾಕೆಟ್ಟಿನ ಒಳಗೆ ಇರುವುದಿಲ್ಲ.

ಬೆಳಗಾವಿಯವರಿಗೆ ಇದನ್ನು ತಿಳಿಸಲು ಮಿಲಿಟರಿ ಕ್ಯಾಂಟೀನಿಗಿಂತ ಒಳ್ಳೆಯ ಉದಾಹರಣೆ ಬೇಡ. ಮರಾಠಾ ಲಘು ಪದಾತಿ ದಳದ ಕೇಂದ್ರ ಈ ಊರಿನಲ್ಲಿರುವುದರಿಂದ ಸೈನಿಕ ಕುಟುಂಬಗಳು ಬಹಳ. ಕ್ಯಾಂಟೀನಿನ ಸೋಪು, ಬಿಸ್ಕತ್ತು, ಚಹಾ ಪುಡಿ ಹೊರಗಿನ ಅಂಗಡಿಯ ಸರಕೇ. ಜಿಎಸ್‌ಟಿಯಲ್ಲಿ ಅರ್ಧದ ರಿಯಾಯಿತಿ ಮತ್ತು ಸಗಟು ಖರೀದಿಯಿಂದ ಬೆಲೆ ಇಳಿದಿರುತ್ತದೆ. ಕ್ಯಾಂಟೀನಿನ ಸಾಮಾನು ಕಳಪೆ ಎಂದು ಯಾರೂ ಹೇಳುವುದಿಲ್ಲ.

ತೆರಿಗೆಯೂ ಬೆಲೆಯನ್ನು ಬದಲಿಸುತ್ತದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂದಿತು. ಎದುರಿಗೇ ತೂಗಿ ಕೊಡುವ ಬಿಡಿ ಧಾನ್ಯಕ್ಕೆ ಅದು ಇಲ್ಲ. ಆ ಮೇಲೆ ಅಂಗಡಿಗಳಲ್ಲಿ 26 ಕೆ.ಜಿ. ಅಕ್ಕಿ ಚೀಲ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. ಹೀಗಾಗಿ ರವಿವಾರ ಪೇಟೆಯ ಚೀಲಕ್ಕೂ ಸೂಪರ್ ಮಾರ್ಕೆಟ್‌ನ 5 ಕೆ.ಜಿ. ಪ್ಯಾಕೆಟ್ಟಿಗೂ ಇರುವ ಬೆಲೆಯ ಅಂತರವೆಲ್ಲ ಗುಣಮಟ್ಟದ ಅಂತರವಲ್ಲ.

ಯಾವುದರಲ್ಲಿ ವ್ಯತ್ಯಾಸವಿಲ್ಲ, ಯಾವುದರಲ್ಲಿ ಇದೆ

ಕಂಪೆನಿಯೇ ಸೀಲ್ ಮಾಡಿದ ಬ್ರಾಂಡ್ ಸಾಮಾನುಗಳಾದ ಉಪ್ಪು, ಸಕ್ಕರೆ, ಚಹಾ, ಎಣ್ಣೆ, ಸೋಪುಗಳಲ್ಲಿ ಎಲ್ಲಿ ಕೊಂಡರೂ ಒಳಗಿನದು ಒಂದೇ. ನೋಡಬೇಕಾದದ್ದು ತಾರೀಕು, ತೂಕ, ಪ್ಯಾಕೆಟ್ ಹರಿದಿದೆಯೇ ಎಂಬುದು ಮಾತ್ರ. ಜನ ಹೆಚ್ಚು ಬರುವ ರಿಯಾಯಿತಿ ಮಳಿಗೆಯಲ್ಲಿ ಸರಕು ಬೇಗ ಖಾಲಿಯಾಗುವುದರಿಂದ ಹೊಸ ತಾರೀಕಿನ ಪ್ಯಾಕೆಟ್ ಸಿಗುವ ಸಾಧ್ಯತೆಯೇ ಹೆಚ್ಚು. ಆದರೆ 'ಒಂದು ಕೊಂಡರೆ ಒಂದು ಉಚಿತ' ಎಂದಿದ್ದರೆ ತಾರೀಕನ್ನು ಎರಡು ಬಾರಿ ನೋಡಿ. 'ಬೆಸ್ಟ್ ಬಿಫೋರ್' ಎಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂದರ್ಥ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಎಂದಿದ್ದರೆ ಆ ದಿನದ ನಂತರ ತಿನ್ನಬಾರದು.

ಮಳಿಗೆಯ ಸ್ವಂತ ಹೆಸರಿನ ಪ್ಯಾಕೆಟ್‌ಗಳದು ಎರಡನೆಯ ಗುಂಪು. ಜಾಹೀರಾತಿನ ಖರ್ಚಿಲ್ಲದ ಕಾರಣ ಅವು ಅಗ್ಗ. ಕೆಲವು ಬಹಳ ಚೆನ್ನಾಗಿರುತ್ತವೆ, ಕೆಲವು ಸಾಧಾರಣ. ಲೇಬಲ್ಲಿನಲ್ಲಿ ಮಾರುವವರ ಹೆಸರು ಬೇರೆ, ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು ಬೇರೆ ಇರುತ್ತದೆ. ಪ್ಯಾಕ್ ಮಾಡಿದ ದಿನ, ಎಫ್ಎಸ್ಎಸ್ಎಐ ಸಂಸ್ಥೆಯ 14 ಅಂಕಿಗಳ ಸಂಖ್ಯೆ ಇರಲೇಬೇಕು. ಮೊದಲ ಸಲ ಚಿಕ್ಕ ಪ್ಯಾಕೆಟ್ ತಂದು ಅಡುಗೆ ಮಾಡಿ ನೋಡುವುದು ಒಳ್ಳೆಯದು.

ನಿಜವಾದ ವ್ಯತ್ಯಾಸ ಇರುವುದು ಮೂರನೆಯ ಗುಂಪಿನಲ್ಲಿ, ಅಂದರೆ ಬಿಡಿ ಸಾಮಾನಿನಲ್ಲಿ. ಅಕ್ಕಿ, ಬೇಳೆ, ಶೇಂಗಾ, ಬೆಲ್ಲ, ಮಸಾಲೆ ಪುಡಿ ಇವುಗಳಲ್ಲಿ ಅಂಗಡಿಯ ಹೆಸರಿಗಿಂತ ನಮ್ಮ ಕಣ್ಣೇ ಮುಖ್ಯ. ಕೆಲವು ಉದಾಹರಣೆಗಳು ಇಲ್ಲಿವೆ.

ಬೆಲ್ಲ: ಬೆಳಗಾವಿ ಜಿಲ್ಲೆ ಕಬ್ಬಿನ ಜಿಲ್ಲೆ. ಅಂದವಾಗಿ ಕಾಣುವ ತಿಳಿ ಹಳದಿ ಬೆಲ್ಲಕ್ಕೆ ಆ ಬಣ್ಣ ಬರಲು ಹೈಡ್ರೋಸ್ ಎಂಬ ರಾಸಾಯನಿಕ ಬಳಸುವುದುಂಟು. ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಕಂದು ಬೆಲ್ಲ ನೋಡಲು ಅಂದವಿಲ್ಲದಿದ್ದರೂ ಹಲವು ಬಾರಿ ಅದೇ ಉತ್ತಮ.

ಮೆಣಸು: ನಮ್ಮ ಮೀನುಸಾರಿಗೆ ಬಣ್ಣ ಕೊಡುವ ಬ್ಯಾಡಗಿ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಪುಡಿಗಿಂತ ಇಡೀ ಮೆಣಸು ಕೊಂಡು ಗಿರಣಿಯಲ್ಲಿ ಪುಡಿ ಮಾಡಿಸುವುದು ಸುರಕ್ಷಿತ. ಪುಡಿ ಕೊಂಡರೆ ಒಂದು ಲೋಟ ನೀರಿನ ಮೇಲೆ ಸ್ವಲ್ಪ ಉದುರಿಸಿ. ಕೃತಕ ಬಣ್ಣವಿದ್ದರೆ ಕೂಡಲೇ ಗೆರೆ ಗೆರೆಯಾಗಿ ಕೆಳಗಿಳಿಯುತ್ತದೆ.

ಅರಿಶಿನ: ಒಂದು ಚಮಚ ಪುಡಿಯನ್ನು ನೀರಿಗೆ ಹಾಕಿ ಬಿಡಿ. ಒಳ್ಳೆಯದಾದರೆ ಕೆಳಗೆ ಕೂತು ನೀರು ತಿಳಿ ಹಳದಿಯಾಗುತ್ತದೆ. ನೀರು ಗಾಢ ಹಳದಿಯಾದರೆ ಅನುಮಾನ ಪಡಬೇಕು.

ತೊಗರಿಬೇಳೆ: ದುಂಡನೆಯ ಬೇಳೆಯ ನಡುವೆ ಒಂದು ಬದಿ ಓರೆಯಾಗಿ, ಚೌಕಾಕಾರವಾಗಿ ಕಾಣುವ ಬೇಳೆ ಇದ್ದರೆ ಅದು ಕೇಸರಿ ಬೇಳೆ ಇರಬಹುದು. ಅದನ್ನು ಬಹುಕಾಲ ಹೆಚ್ಚಾಗಿ ತಿಂದರೆ ಕಾಲಿನ ಶಕ್ತಿ ಹೋಗುತ್ತದೆ.

ಕೊಬ್ಬರಿ ಎಣ್ಣೆ: ಗಾಜಿನ ಲೋಟದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಶುದ್ಧ ಎಣ್ಣೆ ಪೂರ್ತಿ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಬೇರೆ ಪದರವಾಗಿ ನಿಲ್ಲುತ್ತದೆ.

ಶೇಂಗಾ: ಬೆಳಗಾವಿ ಕಡೆ ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಊಟವಿಲ್ಲ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಸಲು ಹಿಡಿದ ಕಾಳನ್ನು ಹುರಿದು ಬಳಸಬೇಡಿ. ಆ ಬೂಸಲಿನ ವಿಷ ಯಕೃತ್ತಿಗೆ ಕೆಡುಕು, ಹುರಿದರೆ ಪೂರ್ತಿ ಹೋಗುವುದಿಲ್ಲ.

ಇವು ಪ್ರಾಥಮಿಕ ಪರೀಕ್ಷೆಗಳು ಮಾತ್ರ. ಖಚಿತವಾಗಿ ಹೇಳಬೇಕಾದರೆ ಪ್ರಯೋಗಾಲಯವೇ ಬೇಕು. ಬೆಳಗಾವಿಯಲ್ಲಿ ಸರ್ಕಾರದ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ. ಶುಲ್ಕ ಕೊಟ್ಟು ಆಹಾರದ ಮಾದರಿಯನ್ನು ಪರೀಕ್ಷೆ ಮಾಡಿಸುವ ಹಕ್ಕನ್ನು ಕಾಯ್ದೆ ಗ್ರಾಹಕರಿಗೆ ಕೊಟ್ಟಿದೆ.

ರೇಷನ್ ಅಕ್ಕಿಯ ಬಗ್ಗೆ

ಅಗ್ಗದ ಆಹಾರದ ಬಗ್ಗೆ ಹೆಚ್ಚು ತಾತ್ಸಾರ ಕಾಣುವುದು ನ್ಯಾಯಬೆಲೆ ಅಂಗಡಿಯ ಅಕ್ಕಿಯ ವಿಷಯದಲ್ಲಿ. ಸರ್ಕಾರಿ ಖರೀದಿಯ ಮಾನದಂಡದಲ್ಲಿ ಬಹುಕಾಲ ಬೆಳ್ತಿಗೆ ಅಕ್ಕಿಗೆ ಶೇ. 25ರವರೆಗೆ ನುಚ್ಚು ಇರಲು ಅವಕಾಶವಿತ್ತು. ಆದ್ದರಿಂದ ಅನ್ನ ಉದುರುದುರಾಗಿ ಬರುವುದಿಲ್ಲ. ಅದು ದರ್ಜೆಯ ಮಾತು, ಸುರಕ್ಷತೆಯದ್ದಲ್ಲ. ನುಚ್ಚಿನಲ್ಲಿಯೂ ಇರುವುದು ಅದೇ ಅಕ್ಕಿ.

ಸಾರವರ್ಧಿತ ಅಕ್ಕಿಯ ಘೋಷಣೆ 2021ರ ಆಗಸ್ಟ್ 15ರಂದು ಆಯಿತು. ನಂತರದ ವರ್ಷಗಳಲ್ಲಿ ಅದು ಹಂತ ಹಂತವಾಗಿ ಬಂದಾಗ ರೇಷನ್‌ನಲ್ಲಿ ಪ್ಲಾಸ್ಟಿಕ್ ಅಕ್ಕಿ ಎಂಬ ಸುದ್ದಿ ಹಲವು ಊರುಗಳಲ್ಲಿ ಹಬ್ಬಿತು. ಕೆಲವರು ಆ ಕಾಳುಗಳನ್ನು ಆರಿಸಿ ಬಿಸಾಡಿದರು. ಅವು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಸೇರಿಸಿ ಅಕ್ಕಿಯ ಆಕಾರದಲ್ಲಿ ಮಾಡಿದ ಕಾಳುಗಳು. 100 ಕಾಳಿಗೆ ಒಂದರಂತೆ ಬೆರೆಸುತ್ತಿದ್ದರು. ರಕ್ತಹೀನತೆ ಇರುವ ತಾಯಂದಿರಿಗೆ ಉಪಯೋಗವಾಗಲಿ ಎಂದು ಸೇರಿಸಿದ್ದನ್ನೇ ಕಲಬೆರಕೆ ಎಂದು ತೆಗೆದು ಹಾಕಿದ ಹಾಗಾಯಿತು. ಅಗ್ಗದ್ದು ಕೆಟ್ಟದ್ದೇ ಇರಬೇಕು ಎಂಬ ಭಾವನೆ ಮಾಡುವ ಹಾನಿ ಇಂಥದ್ದು.

ಅಗ್ಗ ಎಂದು ಕಂಡದ್ದು ಅಗ್ಗವೇ?

ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರ ಬೆಲೆ 140 ರೂಪಾಯಿ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಕಾಣುವ ಇನ್ನೊಂದು ಪ್ಯಾಕೆಟ್ 130 ರೂಪಾಯಿಗಿದೆ, ಒಳಗೆ 800 ಗ್ರಾಂ. ಮೊದಲನೆಯದು 100 ಗ್ರಾಂಗೆ 15 ರೂಪಾಯಿ 38 ಪೈಸೆ, ಎರಡನೆಯದು 16 ರೂಪಾಯಿ 25 ಪೈಸೆ. ಕಡಿಮೆ ಎಂದು ಕಂಡದ್ದೇ ದುಬಾರಿ. ಈಗ ಪ್ಯಾಕೆಟ್‌ಗಳ ಮೇಲೆ ಗ್ರಾಂ ಅಥವಾ ಕೆ.ಜಿ. ಲೆಕ್ಕದ ದರವನ್ನೂ ಮುದ್ರಿಸಬೇಕೆಂಬ ನಿಯಮ ಇದೆ. ಎಂ.ಆರ್.ಪಿ. ಬಳಿಯಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಹುಡುಕಿ ನೋಡಿ.

ಖಾನಾಪುರದವರಿಗೆ ಪ್ರಯಾಣದ ಲೆಕ್ಕವೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದ್ದರಿಂದ ಬೆಳಗಾವಿಗೆ ಹೋಗಿ ತಿಂಗಳ ಸಾಮಾನು ತರುವುದು ಸುಲಭವಾಯಿತು. ಆದರೆ ಅರ್ಧ ದಿನದ ಕೂಲಿ ತಪ್ಪಿದರೆ ಆ ಉಳಿತಾಯ ಉಳಿತಾಯವಲ್ಲ. ಎರಡು ಮೂರು ಮನೆಯವರು ಸೇರಿ ಒಬ್ಬರನ್ನು ಕಳುಹಿಸಿ, ಕೆಡದ ಸಾಮಾನನ್ನು ಮಾತ್ರ ನಗರದಿಂದ ತರಿಸುವುದು ಜಾಣತನ. ಘಟ್ಟದ ಮಳೆ ಜೋರಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಟ್ಟು, ಬೇಳೆ, ಶೇಂಗಾ ಹೆಚ್ಚು ಕೂಡಿಡಬಾರದು. ತೇವಕ್ಕೆ ಬೂಸಲು ಬಂದರೆ ಅಗ್ಗಕ್ಕೆ ತಂದದ್ದು ದನದ ಬಾನಿಗೂ ಬೇಡವಾಗುತ್ತದೆ.

ಊರಿನ ಚಿಕ್ಕ ಅಂಗಡಿಯವರನ್ನೂ ಮರೆಯಬಾರದು. ಕೆಲಸವಿಲ್ಲದ ಮಳೆಗಾಲದ ತಿಂಗಳಲ್ಲಿ ಉದ್ರಿ ಕೊಡುವವರು ಅವರೇ. ದೊಡ್ಡ ಮಳಿಗೆ ಚೀಟಿ ಬರೆದುಕೊಳ್ಳುವುದಿಲ್ಲ. ಕೈಯಲ್ಲಿ ಹಣವಿದ್ದಾಗ ನಗರಕ್ಕೆ, ಹಣವಿಲ್ಲದಾಗ ಅವರ ಬಳಿಗೆ ಎಂಬುದು ನ್ಯಾಯವಲ್ಲ. ಹಾಗೆಂದು ಹುಳ ಬಿದ್ದ ಬೇಳೆಯನ್ನು ಸುಮ್ಮನೆ ತರಬೇಕಾಗಿಲ್ಲ. ಮರಳಿ ಕೊಟ್ಟು ವಿನಯದಿಂದ ಹೇಳಿದರೆ ಹೆಚ್ಚಿನವರು ಬದಲಾಯಿಸಿ ಕೊಡುತ್ತಾರೆ.

ಬಡವರಿಗೆ ಕೊಡುವ ಕಿಟ್

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆಗೆ ಕೊಳ್ಳುವಾಗ ನಾವು ಕಾಳಜಿ ವಹಿಸುತ್ತೇವೆ. ಆದರೆ ಧರ್ಮಕೇಂದ್ರದ ಪರವಾಗಿ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಪರವಾಗಿ, ಕ್ರಿಸ್ಮಸ್ ಅಥವಾ ತಪಸ್ಸು ಕಾಲದಲ್ಲಿ ಬಡವರಿಗೆ ಕಿಟ್ ಕೊಳ್ಳುವಾಗ ಏನು ಮಾಡುತ್ತೇವೆ? ಕಿಟ್‌ಗಳ ಸಂಖ್ಯೆ ಹೆಚ್ಚಾಗಲಿ ಎಂದು ಅತಿ ಕಡಿಮೆ ದರದ ಅಕ್ಕಿ, ಅತಿ ಕಡಿಮೆ ದರದ ಬೇಳೆ ಎಂದು ಹೇಳಿಬಿಡುವ ಅಭ್ಯಾಸ ಹಲವೆಡೆ ಇದೆ. ಪುಕ್ಕಟೆ ಸಿಗುವಾಗ ಯಾರು ನೋಡುತ್ತಾರೆ ಎಂಬ ಮಾತೂ ಕಿವಿಗೆ ಬಿದ್ದಿದೆ.

ಲೆಕ್ಕ ಹಾಕಿ ನೋಡಿ. ಕಿಟ್‌ಗೆ ಒಂದು ಕೆ.ಜಿ. ತೊಗರಿಬೇಳೆಯಂತೆ 50 ಕಿಟ್. ಕೆ.ಜಿ.ಗೆ 15 ರೂಪಾಯಿ ಇಳಿಸಿದರೆ ಉಳಿಯುವುದು 750 ರೂಪಾಯಿ. ಆ ಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದರೆ, ಹುಳ ಬಿದ್ದಿದ್ದರೆ, 50 ಮನೆಗಳಲ್ಲಿ ಗ್ಯಾಸ್ ಅಥವಾ ಸೌದೆ ದಂಡ. ದೂರು ಹೇಳಲು ಅವರಿಗೆ ಸಂಕೋಚ, ಕೊಟ್ಟವರು ಬೇಸರ ಪಟ್ಟಾರೆಂಬ ಹೆದರಿಕೆ. ಅಂಗಡಿಗೆ ಮರಳಿ ಕೊಡಲು ಅವರ ಬಳಿ ರಸೀದಿಯೂ ಇಲ್ಲ. ಹಣ ಕೊಟ್ಟು ಕೊಂಡವರಿಗೆ ಇರುವ ಹಕ್ಕು ಪುಕ್ಕಟೆ ಪಡೆದವರ ಕೈಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಅವರ ಪರವಾಗಿ ಪರೀಕ್ಷಿಸಬೇಕಾದವರು ನಾವು.

ರಿಯಾಯಿತಿ ಮಳಿಗೆಯಿಂದ ಕಿಟ್ ಕೊಳ್ಳುವುದು ತಪ್ಪಲ್ಲ, ಒಳ್ಳೆಯದೇ. ಅದೇ ಹಣದಲ್ಲಿ ಹೆಚ್ಚು ಮನೆಗಳಿಗೆ ತಲುಪುತ್ತದೆ. ಆದರೆ ಕೆಲವು ಕ್ರಮಗಳನ್ನು ಪಾಲಿಸಬಹುದು. ಮೊದಲು ಮಾದರಿ ತಂದು ಇಬ್ಬರ ಮನೆಯಲ್ಲಿ ಬೇಯಿಸಿ ನೋಡಿ. ಎಣ್ಣೆ, ಮಸಾಲೆ ಪುಡಿಯನ್ನು ಬಿಡಿಯಾಗಿ ಕೊಳ್ಳಬೇಡಿ, ಸೀಲ್ ಇರುವುದನ್ನೇ ತೆಗೆದುಕೊಳ್ಳಿ. ತಾರೀಕಿಗೆ ಕನಿಷ್ಠ ಮೂರು ತಿಂಗಳಾದರೂ ಬಾಕಿ ಇರಲಿ. ರಸೀದಿಯನ್ನು ಕಡತದಲ್ಲಿಡಿ. ವಿತರಿಸಿದ ವಾರದ ನಂತರ ಎರಡು ಮೂರು ಮನೆಗಳಿಗೆ ಹೋಗಿ ಹೇಗಿತ್ತೆಂದು ಕೇಳಿ. ಹಾಸ್ಟೆಲ್ ನಡೆಸುವ ಸಿಸ್ಟರ್‌ಗಳಿಗೆ ಇದೆಲ್ಲ ಹೊಸತಲ್ಲ, ಅವರ ಸಲಹೆ ಪಡೆಯಬಹುದು.

ಎಲ್ಲಿಯಾದರೂ ಮೋಸ ಕಂಡರೆ ಸುಮ್ಮನಿರಬೇಕಾಗಿಲ್ಲ. ಎಂ.ಆರ್.ಪಿ.ಗಿಂತ ಹೆಚ್ಚು ಪಡೆಯುವುದು, ಅವಧಿ ಮೀರಿದ್ದನ್ನು ಮಾರುವುದು ಕಾನೂನಿಗೆ ವಿರುದ್ಧ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೂ ಬರೆದು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ.

ಸುಳ್ಳು ತಕ್ಕಡಿ ದೇವರಿಗೆ ಅಸಹ್ಯ ಎಂಬ ಬೋಧನೆ ಹಳೆಯ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ವ್ಯಾಪಾರಿಗೆ ಹೇಳಿದ್ದು. ಕೊಳ್ಳುವವರಿಗೆ ಹೇಳಿದ್ದೂ ಇದೆ. 2009ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ ಕೊಳ್ಳುವುದು ಕೂಡ ನೈತಿಕ ಕ್ರಿಯೆಯೇ ಎಂದು ನೆನಪಿಸಿದರು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅದನ್ನು ಪುನಃ ಎತ್ತಿ ಹೇಳಿದರು. ಅಂಗಡಿ ದೊಡ್ಡದೋ ಚಿಕ್ಕದೋ, ಬೆಲೆ ಹೆಚ್ಚೋ ಕಡಿಮೆಯೋ ಎನ್ನುವುದಕ್ಕಿಂತ ಪ್ಯಾಕೆಟ್ ತಿರುಗಿಸಿ ನೋಡುವ, ತೂಕ ಲೆಕ್ಕ ಹಾಕುವ, ಕಾಳು ಅಂಗೈಯಲ್ಲಿ ಹರಡಿ ನೋಡುವ ಐದು ನಿಮಿಷ ಮುಖ್ಯ. ನಮ್ಮ ಮಕ್ಕಳ ಬಟ್ಟಲಿಗೆ ಹಾಕಲು ಹಿಂಜರಿಯುವ ಅಕ್ಕಿಯನ್ನು ಇನ್ನೊಬ್ಬರ ಕಿಟ್‌ಗೆ ಹಾಕದಿರೋಣ. ಮುಂದಿನ ಸಲ ನಿಮ್ಮ ವಾಳೆಯಲ್ಲಿ ಕಿಟ್ ಖರೀದಿಯ ವಿಷಯ ಬಂದಾಗ ಇದನ್ನು ಚರ್ಚಿಸಿ ಎಂದು ವಿನಂತಿ.